ಹನ್ನೆರಡು ಬಿಳಿ ಮರಿಗಳ ಕೆಂಚಮ್ಮ

ಬಿಳಿ ಹಂದಿ ಅಂದರೆ ಏನೆಂದುಕೊಂಡಿರಿ! ೧೯೬೩ರಲ್ಲಿ, ಸರಸ್ವತಿಪುರಂನ ಮನೆಗಳು ಮುಗಿದು ಹೊಲ ಶುರುವಾಗುವ ಕಡೆ, ಕೆಂಚಮ್ಮನ ಗುಡಿಸಲ ಮುಂದೆ ಅದು ಲಾರಿಯಿಂದ ಇಳಿದಾಗ ಇಡೀ ಕೇರಿ ಬಾಯಿ ಬಿಟ್ಟುಕೊಂಡು ನಿಂತಿತ್ತು. ಕೆಂಚಮ್ಮ ಹುಟ್ಟಿದಾಗಿನಿಂದ ಹಂದಿ ಸಾಕಿದವಳು. ಆದರೆ ಅವಳು ಕಂಡದ್ದೆಲ್ಲ ಬೀದಿ ಸುತ್ತಿ ಹೊಟ್ಟೆ ಹೊರೆಯುವ ಕರಿ ಹಂದಿ. ಇದೋ ಸೀಮೆ ತಳಿ. ಊರ ಹಂದಿ ಎರಡು ವರ್ಷಕ್ಕೆ ತೂಗುವಷ್ಟನ್ನು ಇದರ ಮರಿ ಎಂಟು ತಿಂಗಳಿಗೇ ತೂಗುತ್ತದಂತೆ. ಕೊಡಗಿನ ಕಡೆಯ ಮಾಂಸದ ವ್ಯಾಪಾರಿಗಳು ಮುಗಿಬಿದ್ದು ಕೊಳ್ಳುತ್ತಾರಂತೆ.

ಕೊಟ್ಟವರು ಷಡಕ್ಷರಿ ಡಾಕ್ಟರು, ಹೊಸದಾಗಿ ಶುರುವಾಗಿದ್ದ ಹಂದಿ ಫಾರಮ್ಮಿನ ಪಶುವೈದ್ಯರು. ಸುಮ್ಮನೆ ಕೊಡಲಿಲ್ಲ. ಗಬ್ಬದ ಹಂದಿ, ಪರೀಕ್ಷೆಗೆಂದು ಕೊಟ್ಟದ್ದು. ಮರಿಗಳು ಎಂಟು ವಾರಕ್ಕೆ ಹಾಲು ಬಿಡುವವರೆಗೆ ಚೆನ್ನಾಗಿ ಉಳಿದರೆ ತಾಯಿ, ಮರಿ ಎಲ್ಲ ಅವಳದು, ಇಲ್ಲವಾದರೆ ವಾಪಸ್. ಬೀದಿಗೆ ಬಿಡುವ ಹಾಗಿಲ್ಲ. ಫಾರಮ್ಮಿನವರೇ ಕಟ್ಟಿಸಿಕೊಟ್ಟ ಸಿಮೆಂಟು ನೆಲದ ದೊಡ್ಡಿಯಲ್ಲೇ ಇರಬೇಕು, ಮಣ್ಣು ಸೋಕಿದರೆ ಹೊಟ್ಟೆಹುಳ ಆಗುತ್ತದೆ ಎಂದು ಕಟ್ಟುನಿಟ್ಟಾಗಿ ಹೇಳಿ ಹೋದರು.

ಕೆಂಚಮ್ಮನ ಸಂಭ್ರಮ ಹೇಳತೀರದು. ಗಬ್ಬ ಕಟ್ಟಿದ ಹಂದಿಗೆ ಮೂರು ತಿಂಗಳು, ಮೂರು ವಾರ, ಮೂರು ದಿನ. ಗೋಡೆ ಮೇಲೆ ಇದ್ದಿಲ ಗೆರೆ ಎಳೆದು ಕಾದಳು. ಕಾಲೇಜು ಹಾಸ್ಟೆಲಿನಿಂದ ಕಲಗಚ್ಚು ಹೊತ್ತು ತಂದು, ಕುದಿಸಿ, ತೌಡು ಕಲಸಿ ಕೊಟ್ಟಳು. ದಿನಕ್ಕೆರಡು ಸಲ ದೊಡ್ಡಿ ತೊಳೆದಳು. ನನ್ನ ಹಂದಿ ಹತ್ತು ಹಾಕುತ್ತದೆ ಎಂದು ಸಾರಿ, ಕೇರಿಯವರಿಗೆ ಒಂದೊಂದು ಮರಿ ಬಾಯಲ್ಲೇ ಹಂಚಿಯೂ ಬಿಟ್ಟಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಗಂಡ ಜವರಪ್ಪ ಗೊಣಗಿದ. ಯಾರು ಕೇಳುತ್ತಾರೆ!

ಹಾಕಿದ್ದು ಹನ್ನೆರಡು! ಬಿಸಿಲೇರುವುದರೊಳಗೆ, ಒಂದರ ಹಿಂದೊಂದು. ಆದರೆ ಹಾಲು ಬರುತ್ತಿದ್ದ ಮೊಲೆ ಹತ್ತೇ. ಹಂದಿಮರಿಯ ಹಟ ಗೊತ್ತಲ್ಲ, ತಾನು ಹಿಡಿದ ಮೊಲೆಯನ್ನು ಇನ್ನೊಂದಕ್ಕೆ ಬಿಟ್ಟುಕೊಡುವುದಿಲ್ಲ. ಪೀಚು ಮರಿಗಳೆರಡು ಹೊರಗುಳಿದವು. ಕೆಂಚಮ್ಮ ಬಿಟ್ಟಾಳೆಯೇ? ಅವಳ ಹಳೇ ಕರಿ ಹಂದಿ ಹಿಂದಿನ ದಿನವಷ್ಟೇ ಐದು ಮರಿ ಹಾಕಿತ್ತು. ಆ ಐದಕ್ಕೂ, ಈ ಎರಡಕ್ಕೂ, ಕರಿ ಹಂದಿಯ ಮೂತಿಗೂ ಬೇವಿನೆಣ್ಣೆ ಬಳಿದಳು. ಯಾವುದು ತನ್ನದು, ಯಾವುದು ಬೇರೆಯವರದು ಎಂದು ವಾಸನೆ ಹತ್ತದೆ ಅದು ಮಲಗಿ ಏಳಕ್ಕೂ ಹಾಲು ಕೊಟ್ಟಿತು. ವಾರ ಕಳೆದ ಮೇಲೆ ಕರಿ ಹಂದಿಯ ಹಿಂದೆ ಐದು ಕರಿ, ಎರಡು ಬಿಳಿ ಮರಿ ಬೀದಿಯಲ್ಲಿ ಮೆರವಣಿಗೆ ಹೊರಟವು. ಕಾಲೇಜಿನ ಹುಡುಗರು ಸೈಕಲ್ ನಿಲ್ಲಿಸಿ ನೋಡಿದರು. ಕೆಂಚಮ್ಮ ನಕ್ಕೂ ನಕ್ಕೂ ಸುಸ್ತಾದಳು.

ಮೂರನೇ ವಾರ ಆ ನಗು ಹಾರಿಹೋಯಿತು. ದೊಡ್ಡಿಯ ಹತ್ತು ಮರಿಗಳು ಓಡಾಡುವುದನ್ನು ಬಿಟ್ಟವು. ಹಾಲು ಕುಡಿದು, ಏದುಸಿರು ಬಿಡುತ್ತ ಬಿದ್ದುಕೊಳ್ಳುತ್ತಿದ್ದವು. ಒಂದು ಸತ್ತೇಹೋಯಿತು. ಕಣ್ಣು ಬಿದ್ದಿದೆ ಎಂದು ಜವರಪ್ಪ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ. ಕೆಂಚಮ್ಮ ದೊಡ್ಡಿಯನ್ನು ಇನ್ನಷ್ಟು ತಿಕ್ಕಿ ತಿಕ್ಕಿ ತೊಳೆದಳು. ಅತಿಯಾದರೆ ಅಮೃತವೂ ವಿಷ ಎಂಬುದು ಆ ಪುಣ್ಯಾತ್ಗಿತ್ತಿಗೆ ಹೊಳೆಯಲೇ ಇಲ್ಲ. ಹಂದಿ ವಾಪಸ್ ಹೋಗುತ್ತದಲ್ಲ ಎಂದು ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಬೀದಿ ಸುತ್ತಿ ಬಂದ ಬಿಳಿ ಮರಿಯೊಂದನ್ನು ಎತ್ತಿಕೊಂಡಳು. ಬಿಸಿಲಿಗೆ ಹಿಡಿದರೆ ಕಿವಿ ದಾಸವಾಳದಷ್ಟು ಕೆಂಪು. ದೊಡ್ಡಿಯ ಮರಿಯನ್ನು ಹಿಡಿದು ನೋಡಿದಳು. ಕಿವಿ ಬರೀ ಎಣ್ಣೆಕಾಗದ. ಹೆತ್ತ ತಾಯಿ ಒಂದೇ, ಹುಟ್ಟಿದ ದಿನ ಒಂದೇ. ಗಟ್ಟಿ ಮರಿಗಳು ಸೊರಗಿವೆ, ಸಾಯಬೇಕಿದ್ದ ಪೀಚುಗಳು ಕೊಬ್ಬಿವೆ! ಬೀದಿಯ ಮರಿಯ ಮೂತಿ ತುಂಬ ಕೆಮ್ಮಣ್ಣು ಮೆತ್ತಿತ್ತು.

ಕೆಂಚಮ್ಮ ಮಣ್ಣು ಹೊರುವ ಬಿದಿರ ಬುಟ್ಟಿ, ಮಂಕರಿ, ಎತ್ತಿಕೊಂಡಳು. ಡಾಕ್ಟರು ಮಣ್ಣು ಬೇಡ ಅಂದಿದ್ದಾರೆ, ಹಂದಿ ಕಿತ್ತುಕೊಂಡು ಹೋಗುತ್ತಾರೆ ಎಂದು ಜವರಪ್ಪ ಅಡ್ಡ ನಿಂತ.

“ಮರಿ ಸಾಯಿಸ್ಬುಟ್ಟು ಅವ್ರ ಮಾತ್ ಉಳಿಸ್ಲಾ? ದಾರಿ ಬುಡು,” ಎಂದಳು.

ಯಾರದೋ ಹೊಸ ಮನೆಗೆಂದು ಪಾಯ ತೋಡಿದ್ದ ಕಡೆಗೆ ಓಡಿದಳು. ಯಾವ ಹಂದಿಯೂ ತುಳಿಯದ ಆಳದ ಮಣ್ಣಿನಲ್ಲಿ ಹುಳ ಎಲ್ಲಿಂದ ಬರಬೇಕು? ತುಂಬಿ ತಂದು ದೊಡ್ಡಿಯ ಮೂಲೆಗೆ ಸುರಿದಳು. ಮರಿಗಳು ತೆವಳಿಕೊಂಡು ಬಂದು ಮುಕ್ಕಿದವು. ನಾಲ್ಕು ದಿನಕ್ಕೆ ಎದ್ದು ನಿಂತವು. ಹತ್ತು ದಿನಕ್ಕೆ ಒಂದನ್ನೊಂದು ಅಟ್ಟಿಸಿಕೊಂಡು ದೊಡ್ಡಿಯನ್ನೇ ಹಾರಿಸುವಂತೆ ಕುಣಿದವು!

ಅಷ್ಟರಲ್ಲಿ ಡಾಕ್ಟರ ಜೀಪು ಬಂತು. ಸಿಮೆಂಟಿನ ಮೇಲೆಲ್ಲ ಕೆಂಪು ಕೆಸರು. ಜವರಪ್ಪ ಗುಡಿಸಲೊಳಗೆ ಸೇರಿಕೊಂಡ. ಕೆಂಚಮ್ಮ ಏನನ್ನೂ ಮುಚ್ಚಿಡಲಿಲ್ಲ.

“ನೀವ್ ಬ್ಯಾಡ ಅಂದದ್ನ ಮಾಡ್ಬುಟ್ಟೆ ಸ್ವಾಮಿ. ಮೊದ್ಲು ಮರಿ ಎಣಿಸ್ಕಳಿ. ಆಮ್ಯಾಕೆ ತಕ್ಕಂಡೋಗದಾದ್ರೆ ತಕ್ಕಂಡೋಗಿ.”

ಡಾಕ್ಟರು ಎಣಿಸಿದರು. ದೊಡ್ಡಿಯಲ್ಲಿ ಒಂಬತ್ತು, ಹೊರಗೆ ಎರಡು. ಒಂದನ್ನೆತ್ತಿ ಕಿವಿ ನೋಡಿದರು, ರೆಪ್ಪೆ ಬಿಡಿಸಿ ನೋಡಿದರು. ಎಷ್ಟು ಹೊತ್ತಾದರೂ ಕೆಳಗಿಡಲಿಲ್ಲ. ಆಮೇಲೆ ನಿಜ ಹೇಳಿದರು. ತಾಯಿ ಹಾಲಿನಲ್ಲಿ ಕಬ್ಬಿಣದ ಅಂಶ ಸಾಲದು, ಮರಿಯ ಮೈಯಲ್ಲಿ ರಕ್ತ ಬತ್ತುತ್ತದೆ, ಕೆಮ್ಮಣ್ಣಿನಲ್ಲಿ ಆ ಕಬ್ಬಿಣ ಇದೆ; ಫಾರಮ್ಮಿನಲ್ಲಿ ಅದು ತಡವಾಗಿ ತಿಳಿದು, ಔಷಧಿಗೆಂದು ಮದರಾಸಿಗೆ ಬರೆದು ಕಾಯುತ್ತ ಕೂತಿದ್ದರು. ಆ ವಾರವೇ ಹನ್ನೊಂದು ಮರಿ ಹೋಗಿದ್ದವು. ಇನ್ನೂ ಮೂವತ್ತು ಎದ್ದೇಳಲಾರದೆ ಮಲಗಿದ್ದವು.

“ಎಂಟು ವಾರ ಕಾಯೋದೇನೂ ಬೇಡ, ಹಂದಿ ನಿಮ್ದೇ ಕಣಮ್ಮ,” ಎಂದರು. “ಆ ಮಣ್ಣು ಎಲ್ಲಿ ತೋಡಿದ್ರಿ? ಬನ್ನಿ, ಈಗ್ಲೇ ತೋರ್ಸಿ.”

ಕೆಂಚಮ್ಮನ ಎದೆ ಹಿಗ್ಗಿ ಕಣ್ಣು ತುಂಬಿ ಬಂತು. ಅಳುವುದಕ್ಕೆ ಪುರುಸೊತ್ತೆಲ್ಲಿ? ಜನ್ಮದಲ್ಲಿ ಮೊದಲ ಸಲ ಜೀಪು ಹತ್ತಿ, ಡಾಕ್ಟರ ಪಕ್ಕದ ಸೀಟಿನಲ್ಲಿ ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪಾಯದ ಹತ್ತಿರ ಜೀಪು ಸರಿಯಾಗಿ ನಿಲ್ಲುವ ಮೊದಲೇ ಹಾರಿ ಇಳಿದು ಮಣ್ಣು ತೋಡತೊಡಗಿದಳು.

“ಮೂವತ್ ಮರಿಗೆ ಇದೊಂದ್ ಮಂಕ್ರಿ ಯಾವ ಮೂಲೆಗೆ? ನೀವೂ ಕೈ ಹಾಕಿ ಸ್ವಾಮಿ.”

ಡಾಕ್ಟರು ಬೂಟು ಬಿಚ್ಚಿಟ್ಟು ಹಳ್ಳಕ್ಕಿಳಿದರು.