ಹತ್ತಿ ನುಂಗಿದ ಸದ್ದು

ಹಾಸಿಗೆಯಕ್ಕನ ಅಂಗಡಿಗೆ ಕಾಲಿಟ್ಟವರ ಮಾತು ತಾನಾಗಿಯೇ ಮೆತ್ತಗಾಗುತ್ತಿತ್ತು. ನೆಲದಿಂದ ಸೂರಿನವರೆಗೆ ಹತ್ತಿಯ ಮೂಟೆಗಳು, ಗೋಡೆಗೆ ಒರಗಿಸಿದ ಹೊಸ ಹಾಸಿಗೆಗಳು, ನಡುವೆ ದಬ್ಬಣ ಹಿಡಿದು ಮಂಡಿಯೂರಿದ ಅಕ್ಕ. ಅವಳ ಹುಬ್ಬಿನಲ್ಲಿ ಸದಾ ಒಂದೆರಡು ಹತ್ತಿಯ ಎಳೆ. ಗಂಡ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಅರ್ಧ ಪಾಲು ಅವಳದು, ಇನ್ನರ್ಧ ಮಹಡಿಯ ಮೇಲೆ ವಾಸವಿದ್ದ ಭಾವನದು. ದುಡಿಮೆಯೆಲ್ಲ ಅವಳದು, ಗೊಣಗಾಟವೆಲ್ಲ ಭಾವನದು.

ಡ್ರಮ್ಮು ಅವಳ ಕೈಸೇರಿದ್ದೂ ದಬ್ಬಣದ ದೆಸೆಯಿಂದಲೇ. ಆ ಬೀದಿಯ ಅಂಚೆಯಣ್ಣ ಕ್ಲಾರಿನೆಟ್ ಊದುತ್ತಿದ್ದ, ಕ್ಷೌರದಂಗಡಿಯವನು ಅಕಾರ್ಡಿಯನ್ ನುಡಿಸುತ್ತಿದ್ದ, ಬಸ್ಸಿನ ಡ್ರೈವರು ಟ್ರಂಪೆಟ್ ಹಿಡಿಯುತ್ತಿದ್ದ. ಡ್ರಮ್ ಬಾರಿಸುತ್ತಿದ್ದವನು ಮಾತ್ರ ಊರು ಬಿಟ್ಟು ಹೋಗಿದ್ದ. ಅವನು ಬಿಟ್ಟುಹೋದ ದೊಡ್ಡ ಡ್ರಮ್ಮಿಗೆ ಹೊಸ ಚೀಲ ಹೊಲಿಸಲೆಂದು ಮೂವರೂ ಅದನ್ನು ಹೊತ್ತು ತಂದರು. ಚೀಲ ಹೊಲಿದು ಮುಗಿಸಿದ ಅಕ್ಕ ಸುಮ್ಮನೆ ಒಂದು ಏಟು ಹಾಕಿದಳು. ಆಮೇಲೆ ಇನ್ನೊಂದು.

"ಚೀಲ ತಗೊಂಡು ಹೋಗಿ. ಇದು ಇಲ್ಲೇ ಇರಲಿ" ಎಂದಳು.

"ನಿಂಗೆ ಬಾರಿಸೋಕೆ ಬರುತ್ತಾ ಅಕ್ಕಾ?" ಎಂದ ಡ್ರೈವರು.

"ನಿಂಗೆ ಊದೋಕೆ ಬರುತ್ತಾ?"

"ದಿನವಿಡೀ ಹಾರ್ನ್ ಹೊಡೀತೀನಲ್ಲ!"

"ನಾನು ದಿನವಿಡೀ ಹತ್ತಿ ಬಡೀತೀನಿ. ಸರಿಹೋಯ್ತು ಬಿಡು."

ಅಂದಿನಿಂದ ಪ್ರತಿ ಭಾನುವಾರ ಸಂಜೆ ನಾಲ್ವರೂ ಷಟರ್ ಎಳೆದುಕೊಂಡು ಮೂಟೆಗಳ ನಡುವೆ ಕೂರುತ್ತಿದ್ದರು. ಸದ್ದನ್ನೆಲ್ಲ ಹತ್ತಿ ನುಂಗಿಬಿಡುತ್ತಿತ್ತು. ಬೀದಿಗೂ ಕೇಳದು, ಮಹಡಿಗೂ ಕೇಳದು. ತನ್ನ ವಾದ್ಯ ತನಗೆ ಕೇಳಿಸಬೇಕಾದರೆ ಒಬ್ಬ ಜೋರು ಮಾಡಬೇಕು; ಅವನು ಜೋರು ಮಾಡಿದನೆಂದು ಪಕ್ಕದವನೂ ಜೋರು ಮಾಡಬೇಕು. ಒಬ್ಬರ ತಪ್ಪು ಇನ್ನೊಬ್ಬರ ಕಿವಿಗೆ ಬೀಳದೆ, ತಾವು ಬಹಳ ಚೆನ್ನಾಗಿ ನುಡಿಸುತ್ತೇವೆಂದು ಎಲ್ಲರೂ ನಂಬಿದ್ದರು. ವಾರವೆಲ್ಲ ಬಗ್ಗಿರುತ್ತಿದ್ದ ಅಕ್ಕನ ಬೆನ್ನು ಆ ಹೊತ್ತಿನಲ್ಲಿ ನೆಟ್ಟಗಾಗುತ್ತಿತ್ತು. ಹಾಡು ಮುಗಿದಾಗ ನಾಲ್ವರೂ ಬೆವರು ಒರೆಸಿಕೊಂಡು, ಕಾರಣವಿಲ್ಲದೆ ನಗುತ್ತಿದ್ದರು.

ಬಡಾವಣೆಯ ಸಂಘದವರು ತಮ್ಮ ವಾರ್ಷಿಕ ಸಭೆಯಲ್ಲಿ ನುಡಿಸಲು ಕರೆದಾಗ ಭಾವ ಮಹಡಿಯಿಂದ ಇಳಿದು ಬಂದ.

"ಈ ವಯಸ್ಸಲ್ಲಿ ವೇದಿಕೆ ಹತ್ತಿ ಡ್ರಮ್ಮು ಬಡೀತೀಯೇನಮ್ಮಾ? ಜನ ನಕ್ಕರೆ ಅಂಗಡಿ ಮರ್ಯಾದೆ ಏನಾಗಬೇಕು? ಒಬ್ಬರು ನಕ್ಕರೂ ಆ ಡ್ರಮ್ಮನ್ನ ನೀನು ಮತ್ತೆ ಮುಟ್ಟಬಾರದು."

"ಆಗಲಿ ಭಾವ" ಎಂದಳು ಅಕ್ಕ. ನಗುವ ಮಾತೆಲ್ಲಿ ಬಂತು ಎಂಬ ಧೈರ್ಯ ಅವಳಿಗೆ.

ಸಂಘದ ಸಭಾಂಗಣ ಹೊಸದು. ನೆಲಕ್ಕೂ ಗೋಡೆಗೂ ನುಣುಪು ಟೈಲ್ಸು, ಉದ್ದುದ್ದ ಗಾಜಿನ ಕಿಟಕಿಗಳು. ಅಕ್ಕ ಎಂದಿನಂತೆ ಕೈಯೆತ್ತಿ ಮೊದಲ ಏಟು ಹಾಕಿದಳು. ಸೂರು ಕಳಚಿ ಬಿದ್ದಂತಾಯಿತು. ಮುಂದಿನ ಸಾಲಿನ ಮುದುಕರೊಬ್ಬರು ಕುರ್ಚಿಯಿಂದ ಎದ್ದೇ ನಿಂತರು. ಟ್ರಂಪೆಟ್ಟಿನ ಸದ್ದಿಗೆ ಕೂಸೊಂದು ಚಿಟ್ಟನೆ ಚೀರಿತು. ಕ್ಲಾರಿನೆಟ್ ಒಂದು ದಾರಿ, ಅಕಾರ್ಡಿಯನ್ ಇನ್ನೊಂದು ದಾರಿ ಹಿಡಿದದ್ದು ನುಡಿಸುತ್ತಿದ್ದವರ ಕಿವಿಗೇ ಅಂದು ಮೊದಲ ಬಾರಿ ಬಿತ್ತು. ಮೊದಲು ಹಿಂದಿನ ಸಾಲು ನಕ್ಕಿತು, ಆಮೇಲೆ ಸಭೆಯೇ ನಕ್ಕಿತು. ಕಾರ್ಯದರ್ಶಿ ಪಕ್ಕದಲ್ಲಿ ನಿಂತು, ಸಾಕು ನಿಲ್ಲಿಸಿ ಎಂದು ಕೈಮುಗಿಯತೊಡಗಿದ. ಭಾವ ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ.

ಅಕ್ಕನ ಕಿವಿ ಕೆಂಪಾಯಿತು. ಅಂಚೆಯಣ್ಣ ಕ್ಲಾರಿನೆಟ್ ಕೆಳಗಿಳಿಸಿ ಅವಳ ಕಡೆ ನೋಡಿದ.

"ಮಾಳ್ಪದೇನಕ್ಕಾ?" ಎಂದು ನಾಟಕದ ಧಾಟಿಯಲ್ಲಿ ಪಿಸುಗುಟ್ಟಿದ ಡ್ರೈವರು.

"ಊದು. ನಗೋವರು ನಗಲಿ. ನಾವು ಕಲಿತದ್ದು ಮೂರು ಹಾಡು, ಮೂರೂ ನುಡಿಸಿಯೇ ಇಳಿಯೋದು."

ಮೂರನ್ನೂ ನುಡಿಸಿದರು. ಕೊನೆಯವರೆಗೂ ಜನ ನಗುತ್ತಲೇ ಇದ್ದರು. ಅಕ್ಕ ಮಾತ್ರ ಒಂದು ಏಟನ್ನೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಭಾವ ಅಂಗಡಿಗೆ ಬಂದು ಡ್ರಮ್ಮಿನ ಮುಂದೆ ನಿಂತ. "ನಕ್ಕರು. ನೀನು ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ ಭಾವ. ಕೊಡಬಾರದಿತ್ತು. ಈಗ ಮುರೀತಿದ್ದೀನಿ."

"ಹಾಗಂದ್ರೆ?"

"ಈ ಮನೆಗೆ ಬಂದ ಹೊಸದರಲ್ಲಿ ನಾನು ಹೊಲಿದ ಮೊದಲನೇ ಹಾಸಿಗೆ ನೆನಪಿದೆಯಾ? ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ. ನೀವು ಹೊಟ್ಟೆ ಹಿಡ್ಕೊಂಡು ನಕ್ಕಿದ್ರಿ. ಆಗ ನನ್ನ ಕೈಯಿಂದ ದಬ್ಬಣ ಕಿತ್ಕೊಂಡ್ರಾ? ಇನ್ನೊಂದು ಹೊಲಿ ಅಂದ್ರಿ."

"ಅದು ಹೊಟ್ಟೆಪಾಡು, ಇದು ಹುಚ್ಚು."

"ಹುಚ್ಚೇ ಇರಲಿ. ನನ್ನದು."

ಭಾವ ಗೊಣಗುತ್ತ ಮೆಟ್ಟಿಲು ಹತ್ತಿ ಹೋದ.

ಭಾನುವಾರ ಗೆಳೆಯರು ಅಳುಕುತ್ತಲೇ ಬಂದರು. ಕ್ಷೌರದಂಗಡಿಯವನು ಅಭ್ಯಾಸಬಲದಿಂದ ಷಟರಿಗೆ ಕೈ ಹಾಕಿದ. ಅಕ್ಕ ತಡೆದಳು. ಷಟರನ್ನು ಪೂರ್ತಿ ಮೇಲೆತ್ತಿಸಿ, ಡ್ರಮ್ಮನ್ನು ಹೊಸ್ತಿಲಿಗೆ ಉರುಳಿಸಿ, ಬೀದಿಗೆ ಮುಖ ಮಾಡಿ ಕುಳಿತಳು.

"ಅಕ್ಕಾ, ಬೀದಿಯವರು ಬಾಯಿಗೆ ಬಂದಂತೆ ಬೈತಾರೆ" ಎಂದ ಅಂಚೆಯಣ್ಣ.

"ಬೈಯಲಿ. ಅವರು ಬೈಯೋದು ನಮಗೆ ಕೇಳಿಸಿದ ದಿನ, ಹದವಾಗಿ ನುಡಿಸೋಕೆ ಕಲಿತಿದ್ದೀವಿ ಅಂತ ತಿಳ್ಕೊಳ್ಳೋಣ."

ಶುರುವಾಯಿತು. ಎದುರು ಮನೆಯ ಕಿಟಕಿ ಪಟ್ಟನೆ ಮುಚ್ಚಿತು. ಯಾರೋ ಸೈಕಲ್ ನಿಲ್ಲಿಸಿ ನಕ್ಕರು. ಎರಡನೆಯ ಹಾಡಿನ ನಡುವೆ, ನಾಲ್ಕೂ ವಾದ್ಯಗಳ ಸದ್ದನ್ನು ಸೀಳಿಕೊಂಡು ಮಹಡಿಯಿಂದ ಭಾವನ ಗಂಟಲು ಇಳಿಯಿತು: "ಏ, ಸ್ವಲ್ಪ ಮೆತ್ತಗೆ ಹೊಡಿಯಮ್ಮಾ!"

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು.

"ಕೇಳಿಸ್ತು!" ಎಂದು ಕೂಗಿದ ಡ್ರೈವರು. ಅಕ್ಕ ನಗುತ್ತ ಮುಂದಿನ ಏಟು ಹಾಕಿದಳು.