ಮಾವನಿಗೆ ನಾನು ಕೊಟ್ಟ ಹಾಟ್‌ಸ್ಪಾಟ್

ಅಗ್ಗದ ಇಂಟರ್ನೆಟ್ಟನ್ನು ಬಯ್ಯಲು ನನಗೇನು ಹಕ್ಕಿದೆ? ಪುಕ್ಕಟೆ ಸಿಕ್ಕರೆ ನನಗೂ ಒಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎನ್ನುವ ಮಂದಿ ನಾವು. ದಿನಕ್ಕೆ ಒಂದೂವರೆ ಜಿಬಿ ಕೊಡುವ ಪ್ಯಾಕ್ ನಮ್ಮ ಮನೆಯ ಎಲ್ಲ ಫೋನುಗಳಲ್ಲೂ ಇದೆ. ಅದರಿಂದಲೇ ನಾನು ಕಲಬುರಗಿಯಲ್ಲಿರುವ ನನ್ನವ್ವನ ಮುಖ ದಿನಾ ನೋಡುತ್ತೇನೆ. ಕ್ಲಾರ್ಕ್ ಕೆಲಸದಿಂದ ನಿವೃತ್ತರಾದ ನನ್ನ ಮಾವ ಊರಿನ ಮಠದ ಪ್ರವಚನವನ್ನು ಪುಣೆಯ ಯೆರವಡಾದ ನಮ್ಮ ಮನೆಯಲ್ಲಿ ಕೂತೇ ಕೇಳುತ್ತಾರೆ.

ಪ್ರವಚನ ಕೇಳುವಾಗ ದೇವರ ಕೋಣೆಯ ಬಾಗಿಲು ಹಾಕಿಕೊಳ್ಳುವುದು ಅವರ ಪದ್ಧತಿ. ಯಾರೂ ತಟ್ಟುವಂತಿಲ್ಲ, ಕೂಗುವಂತಿಲ್ಲ. ಚಹಾ ಕೂಡ ಹೊಸ್ತಿಲಲ್ಲಿಟ್ಟು ಸುಮ್ಮನೆ ಬರಬೇಕು. ಆ ಸೋಮವಾರ ಬೆಳಿಗ್ಗೆ ಇಟ್ಟ ಚಹಾ ಮಧ್ಯಾಹ್ನದವರೆಗೂ ಹಾಗೇ ಕೆನೆಗಟ್ಟಿ ಕೂತಿತ್ತು.

ಕೊನೆಗೆ ಬಾಗಿಲು ಇಷ್ಟೇ ಇಷ್ಟು ತೆರೆದು ಮಾವ ಮುಖ ಹೊರಹಾಕಿದರು.

"ಅವ್ವಾ, ನನ್ನ ಡೇಟಾ ಮುಗದದ. ನಿನ್ನ ಹಾಟ್‌ಸ್ಪಾಟ್ ಹಚ್ಚು."

"ಏನ್ರೀ ಮಾವಾರ, ಇವತ್ತ ಸ್ವಾಮಿಗೋಳು ಊಟಕ್ಕೂ ಬಿಡಂಗಿಲ್ಲೇನು?"

ಅವರು ನಗಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿದಿತ್ತು. ಕೈಯಲ್ಲಿದ್ದ ಫೋನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಬಾಗಿಲು ಹಾಕಿಕೊಂಡರು. ಹಾಟ್‌ಸ್ಪಾಟ್ ಹಚ್ಚಿದೆ. ಉಳಿದಿದ್ದ ಚೂರು ಡೇಟಾವೂ ಹೋಯಿತಲ್ಲ ಎಂದು ಗೊಣಗುತ್ತಲೇ ರೊಟ್ಟಿ ಬಡಿಯಲು ಕೂತೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಯಾರೋ ಹಿಂದಿಯಲ್ಲಿ ಗದರಿದ್ದು ಕೇಳಿಸಿತು. ಕ್ಯಾಮೆರಾ ಮುಂದೆಯೇ ಕೂರು, ಅಲುಗಾಡಬೇಡ ಎನ್ನುತ್ತಿದ್ದ. ಯಾವ ಮಠದ ಸ್ವಾಮಿಯೂ ಹೀಗೆ ಮಾತಾಡುವುದಿಲ್ಲ. ಎದ್ದು ಬಾಗಿಲಿನ ಹತ್ತಿರ ಹೋಗುವಷ್ಟರಲ್ಲಿ ನನ್ನ ಫೋನಿಗೆ ಇವತ್ತಿನ ಡೇಟಾ ಮುಗಿಯಿತು ಎಂಬ ಮೆಸೇಜ್ ಬಂತು. ಒಳಗಿನ ದನಿ ತಡೆತಡೆದು ನಿಂತುಹೋಯಿತು.

ಮಾವ ಓಡಿ ಬಂದರು.

"ಲಗೂನ ಪ್ಯಾಕ್ ಹಾಕವ್ವಾ! ಫೋನ್ ಕಟ್ ಆದ್ರ ಬಂದು ಹಿಡಕೊಂಡ ಹೋಗ್ತಾರ!"

"ಯಾರನ್ರೀ?"

"ನಿನ್ನ."

ಪೊಲೀಸ್ ವೇಷದವನೊಬ್ಬ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದ್ದನಂತೆ. ನಿಮ್ಮ ಹೆಸರಿನಲ್ಲಿರುವ ಇನ್ನೊಂದು ಸಿಮ್ಮಿನಿಂದ ದೊಡ್ಡ ಅಪರಾಧ ನಡೆದಿದೆ, ಯಾರಿಗೂ ಹೇಳದೆ ನಮ್ಮೆದುರು ಕೂತಿದ್ದು ವಿಚಾರಣೆ ಮುಗಿಸಿ, ಇಲ್ಲದಿದ್ದರೆ ಆ ಸಿಮ್ ಬಳಸುವವರು ಜೈಲಿಗೆ ಎಂದಿದ್ದನಂತೆ. ಆ ಇನ್ನೊಂದು ಸಿಮ್ ನನ್ನದು. ಮದುವೆಯಾಗಿ ಬಂದಾಗ ನನ್ನ ಆಧಾರಿನಲ್ಲಿ ಪುಣೆಯ ವಿಳಾಸವಿರಲಿಲ್ಲ, ಮಾವನ ಹೆಸರಿನಲ್ಲೇ ತೆಗೆಸಿದ್ದೆವು. ಇನ್ನು ಜೈಲೆಂದರೆ ನಮಗೆ ದೂರದ ಮಾತಲ್ಲ. ಯೆರವಡಾ ಜೈಲಿನ ಗೋಡೆಯ ಪಕ್ಕದಲ್ಲೇ ಮಾವ ದಿನಾ ವಾಕಿಂಗ್ ಹೋಗುತ್ತಾರೆ.

"ಇವರ ಬಾಯಾಗ ಮಣ್ಣ ಹಾಕ! ಕಳ್ಳರು ಇವರು, ಮಾವಾರ!" ಎಂದು ಅವರ ಫೋನ್ ಕಿತ್ತುಕೊಂಡು ಆಫ್ ಮಾಡಿದೆ. ಮರುಕ್ಷಣವೇ ನನ್ನ ಫೋನ್ ಹೊಡೆದುಕೊಳ್ಳತೊಡಗಿತು. ಗೊತ್ತಿಲ್ಲದ ನಂಬರು; ನನ್ನ ನಂಬರನ್ನು ಮಾವನೇ ಅವರಿಗೆ ಕೊಟ್ಟಿದ್ದರಂತೆ. ಕಾಲ್ ಬರಲು ಡೇಟಾ ಬೇಕಿಲ್ಲವಲ್ಲ! ಕಟ್ ಮಾಡಿದೆ, ಮತ್ತೆ ಬಂತು. ಕಾಲ್ ಎತ್ತು ಎಂದು ಮಾವ ನನಗೆ, ಸೊಸೆಗೆ, ಕೈಮುಗಿದು ನಿಂತಿದ್ದರು. ನನಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಯಿತು.

ಭೋಸರಿಯ ಕಾರ್ಖಾನೆಯಿಂದ ನನ್ನ ಗಂಡ ಓಡಿ ಬಂದರು. ಠಾಣೆಗೆ ಹೋಗಿ ದೂರು ಕೊಟ್ಟೆವು. ಬ್ಯಾಂಕಿನ ಹಣವನ್ನು ಆ ಕಳ್ಳರಿನ್ನೂ ಕೇಳಿರಲಿಲ್ಲ. ಡೇಟಾ ಮುಗಿದದ್ದೇ ನಿಮ್ಮ ಪುಣ್ಯ ಎಂದು ಠಾಣೆಯವರೊಬ್ಬರು ಮರಾಠಿಯಲ್ಲಿ ಹೇಳಿದರು. ಇದೆಲ್ಲ ಮೋಸ, ಇಂಥದ್ದು ದಿನಾ ನಡೆಯುತ್ತದೆ ಎಂದು ಮಾವನಿಗೂ ತಿಳಿಸಿ ಹೇಳಿದರು. ಮಾವ ಎಲ್ಲದಕ್ಕೂ ತಲೆಯಾಡಿಸಿದರು.

ಸಂಜೆ ಮನೆಗೆ ಬಂದು ಎರಡು ತುತ್ತು ಉಂಡರು. ನನ್ನ ಗಂಡ ಅವರ ಬಿಪಿ ಗುಳಿಗೆ ತರಲು ಕೆಳಗಿಳಿದರು. ಮೆಟ್ಟಿಲ ಮೇಲಿನ ಸಪ್ಪಳ ನಿಲ್ಲುವವರೆಗೂ ಕಾದಿದ್ದು ಮಾವ ನನ್ನನ್ನು ಹತ್ತಿರ ಕರೆದರು. ದನಿ ತೀರ ತಗ್ಗಿಸಿದ್ದರು.

"ಈಗ ಅವ ಇಲ್ಲ. ಖರೇ ಹೇಳವ್ವಾ. ಆ ಸಿಮ್ಮಿನಾಗ ನೀ ಏನರ ಮಾಡಿದ್ರೂ ನಾ ಯಾರ ಮುಂದೂ ಹೇಳೂದಿಲ್ಲ."