ಪರೀಕ್ಷೆಯ ಕೋಣೆಯಲ್ಲಿ ಗಾಳೇಶ ಸರ್

ಗಂಗಾವತಿಯಾಚೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮಕ್ಕಳಿಗೆ ನೌಕರಿ ಕೊಡಿಸುವ ಕೆಲಸ ಗಾಳೇಶನದು. ಬಾಗಿಲ ಮೇಲಿನ ಹೆಸರು ಪ್ಲೇಸ್‌ಮೆಂಟ್ ಆಫೀಸರ್, ಊರವರ ಬಾಯಲ್ಲಿ ‘ನೌಕರಿ ಸರ್’. ಬೆಂಗಳೂರಿನ ಕಂಪನಿಯವರು ಬರುವ ದಿನ ಅವನ ಓಡಾಟ ನೋಡಬೇಕಿತ್ತು, ಬೀಗರನ್ನು ಎದುರುಗೊಳ್ಳುವ ಹೆಣ್ಣಿನ ತಂದೆ ಅವನ ಮುಂದೆ ಏನೂ ಅಲ್ಲ! ಬಂದವರಿಗೆ ಮಂಡಕ್ಕಿ, ಬಿಸಿ ಮಿರ್ಚಿ, ಸಂಜೆಗೆ ಆನೆಗುಂದಿಯ ಹೊಳೆದಂಡೆ. ನಡುವೆ ಬೆವರುತ್ತ ಕೂತ ಹುಡುಗರ ಬೆನ್ನು ಚಪ್ಪರಿಸಿ, “ನಾ ಅದೀನಲ್ಲ, ಯಾಕ ಅಂಜ್ತೀರಿ?” ಎನ್ನುವುದು. ಆಗ ಕಂಪನಿಗಳ ಕೈಯೂ ದೊಡ್ಡದಿತ್ತು. ತಲೆ ಚುರುಕಿದ್ದರೆ ಸಾಕು, ಉಳಿದದ್ದನ್ನು ನಾವೇ ಕಲಿಸುತ್ತೇವೆ ಎಂದು ಗುಂಪುಗುಂಪಾಗಿ ಕರೆದೊಯ್ಯುತ್ತಿದ್ದರು.

ಈಗ ಅದೆಲ್ಲಿ? ಹೊಸಬರು ಬರೆಯುತ್ತಿದ್ದ ಕಂಪ್ಯೂಟರ್ ಕೋಡನ್ನು ಎ.ಐ. ಯಂತ್ರವೇ ಬರೆದುಕೊಡುತ್ತದೆ. ಅದು ಬರೆದದ್ದರಲ್ಲಿ ತಪ್ಪು ಹಿಡಿಯಬಲ್ಲವರು ಬೇಕಂತೆ, ಅದನ್ನೂ ಅವರು ಮೊದಲೇ ಕಲಿತು ಬರಬೇಕಂತೆ. ಕಂಪನಿಯವರು ಇತ್ತ ತಲೆ ಹಾಕುವುದನ್ನೇ ಬಿಟ್ಟರು. ಈ ವರ್ಷ ಪರೀಕ್ಷೆಗೆ ಕರೆ ಬಂದದ್ದು ಒಂದೇ ಕಡೆಯಿಂದ, ಅದೂ ಒಬ್ಬಳಿಗೆ: ಹುಲಿಹೈದರದ ಲಲಿತಾಗೆ.

ಹುಡುಗಿ ಅದನ್ನು ದುಡಿದೇ ಪಡೆದಿದ್ದಳು. ಕ್ಲಾಸಿನಲ್ಲಿ ಕಲಿಸಿದ್ದು ಸಾಲದೆಂದು ತಿಳಿದ ದಿನದಿಂದ ಸಂಜೆ ಲ್ಯಾಬಿನಲ್ಲಿ ಕೂತು, ಯಂತ್ರ ಬರೆದ ಕೋಡು ಎಲ್ಲಿ ಎಡವುತ್ತದೆಂದು ಹುಡುಕುವುದನ್ನು ತಾನೇ ಕಲಿತಳು. ಅವಳು ಕೊನೆಯ ಬಸ್ಸಿಗೆ ಹೊರಡುವ ತನಕ ಗಾಳೇಶ ಲ್ಯಾಬಿನ ಬೀಗ ಹಾಕಲು ಬಿಡುತ್ತಿರಲಿಲ್ಲ. ಈ ಕಂಪನಿಗೆ ಈ ವರ್ಷ ಪದವಿ ಮುಗಿಸುವವರೇ ಬೇಕು, ಪರೀಕ್ಷೆ ತಪ್ಪಿದರೆ ಮತ್ತೊಮ್ಮೆ ಬರೆಯುವಂತಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಪರೀಕ್ಷೆ ಕಾಲೇಜಿನ ಒಂದು ಕೋಣೆಯಲ್ಲೇ, ಕಂಪ್ಯೂಟರಿನ ಮುಂದೆ. ಕಾವಲಿಗೆ ಮನುಷ್ಯರಿಲ್ಲ, ಕ್ಯಾಮೆರಾವೇ ಕಾವಲು. ಬೇರೆಯವರು ಯಾರೂ ಒಳಗೆ ಬರಕೂಡದು ಎಂಬ ಸೂಚನೆಯನ್ನು ಲಲಿತಾಗೆ ಗಟ್ಟಿಯಾಗಿ ಓದಿ ಹೇಳಿದವನೂ ಗಾಳೇಶನೇ. ಜವಾನನನ್ನು ಬಾಗಿಲಿಗೆ ಕೂರಿಸಿ, ಪ್ರಿನ್ಸಿಪಾಲರು ಬಂದರೂ ಬಿಡಬೇಡ ಎಂದು ತಾಕೀತು ಮಾಡಿದ್ದ.

ಅರ್ಧ ಪರೀಕ್ಷೆ ಆಗಿರಬೇಕು. ಹುಡುಗಿ ಬೆಳಗಿನ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬಂದದ್ದು ಅವನಿಗೆ ನೆನಪಾಯಿತು. ಕ್ಯಾಂಟೀನಿನಿಂದ ಒಂದು ಚಹಾ ತಂದ. ಜವಾನ ಎದ್ದು ದಾರಿ ಬಿಟ್ಟ, ನೌಕರಿ ಸರ್ ಅಲ್ಲವೇ! ಸದ್ದಾಗದಂತೆ ಒಳಗೆ ಹೋಗಿ, ಅವಳ ಪಕ್ಕ ಬಗ್ಗಿ ಲೋಟ ಇಟ್ಟ.

“ಸರ್, ಯಾಕ ಬಂದ್ರಿ?” ಎಂದಳು ಲಲಿತಾ.

ಪರದೆ ಕೆಂಪಾಯಿತು. ಕೋಣೆಯಲ್ಲಿ ಇನ್ನೊಬ್ಬರು ಕಂಡುಬಂದಿದ್ದಾರೆ, ಪರೀಕ್ಷೆ ರದ್ದಾಗಿದೆ. ಅಷ್ಟೇ.

ಬೇರೆಯವರು ಬರಬಾರದೆಂದು ಗಾಳೇಶನೇ ಹೇಳಿದ್ದನಲ್ಲ, ಆ ಬೇರೆಯವರಲ್ಲಿ ತಾನೂ ಒಬ್ಬನೆಂದು ಅವನಿಗೆ ಹೊಳೆದೇ ಇರಲಿಲ್ಲ. ಅಯ್ಯೋ ದೇವರೇ, ಇಷ್ಟು ವರ್ಷದ ಕೆಲಸದಲ್ಲಿ ಅವನು ಮಾಡಿದ್ದಾದರೂ ಏನು, ಒಳಗೆ ಹೋಗಿ ಮಕ್ಕಳ ಪಕ್ಕ ನಿಂತದ್ದೇ ತಾನೆ!

ಕಂಪನಿಗೆ ಬರೆದ. ತಿರುಗಿ ಬಂದದ್ದು ಯಂತ್ರದ ಉತ್ತರ. ಇನ್ನೊಮ್ಮೆ ಬರೆದ, ಅದೇ ಉತ್ತರ. ಕೊನೆಗೆ, ಹಿಂದೆ ವರ್ಷವರ್ಷವೂ ಹುಡುಗರನ್ನು ಆರಿಸಲು ಅದೇ ಕಂಪನಿಯಿಂದ ಬರುತ್ತಿದ್ದ ಶೈಲಜಾ ಮೇಡಮ್ಮಿಗೆ ಫೋನು ಹಚ್ಚಿದ.

“ಗಾಳೇಶ್, ಈಗ ಆರಿಸೋರು ನಾವಲ್ಲ, ಯಂತ್ರ,” ಎಂದರು ಆಕೆ. “ನನ್ನನ್ನೂ ಕೆಲಸದಿಂದ ತೆಗೆದು ಮನೆಗೆ ಕಳಿಸಿದಾರೆ.”

ಮರುದಿನ ಹುಲಿಹೈದರಕ್ಕೆ ಹೋದ. ಫೋನಿನಲ್ಲಿ ಹೇಳಿ ಮುಗಿಸುವ ಮಾತಾಗಿರಲಿಲ್ಲ. ಲಲಿತಾಳ ತಾಯಿ ಮುದಕಮ್ಮ ಅಂಗಳದಲ್ಲಿ ಸಜ್ಜೆ ಕೇರುತ್ತಿದ್ದವಳು ಮೊರ ಬಿಟ್ಟು ಎದ್ದಳು.

“ಬರ್ರಿ ಸರ, ಬರ್ರಿ. ಆಕಿ ನಿನ್ನೆಯಿಂದ ಬಾಯೇ ಬಿಟ್ಟಿಲ್ಲ. ಪರೀಕ್ಷಾದಾಗ ತಪ್ಪು ಮಾಡ್ಯಾಳೇನ್ರಿ?”

“ಇಲ್ಲರಿ ಯವ್ವಾ. ಆಕಿ ಛಲೋ ಬರದಿದ್ದಳು. ತಪ್ಪು ನಂದು. ನಿಮ್ಮ ಮಗಳ ನೌಕರಿ ನಾನ ಕಳದೆ,” ಎಂದು ನಡೆದದ್ದನ್ನೆಲ್ಲ ಹೇಳಿದ.

ಮುದಕಮ್ಮ ಬೈಯಲಿಲ್ಲ. ಬೈದಿದ್ದರೆ ಅವನ ಎದೆ ಎಷ್ಟೋ ಹಗುರಾಗುತ್ತಿತ್ತು. “ಹಂಗಾರ ಕಂಪನಿಯವ್ರ ಮುಂದ ಹೋಗಿ ನಿಂದ್ರೂಣ್ರಿ,” ಎಂದಳು. “ಹಸದ ಹುಡುಗಿಗೆ ಚಾ ಕೊಟ್ಟಾರಂತ ಹೇಳೂಣು. ಅವರೂ ಮನಶಾರ ಅಲ್ಲೇನ್ರಿ?”

ಯಾರ ಮುಂದೆ ನಿಲ್ಲುವುದು?

ಬಾಗಿಲಿಗೆ ಬಂದು ನಿಂತಿದ್ದ ಲಲಿತಾಳ ಕಣ್ಣುಗಳು ಊದಿದ್ದವು. “ನಾನ ಆನ್‌ಲೈನ್‌ದಾಗ ಬ್ಯಾರೆ ಕಂಪನಿಗೆ ಅರ್ಜಿ ಹಾಕೀನ್ರಿ ಸರ್. ಮುಂದಿನ ವಾರ ಪರೀಕ್ಷಾ ಐತಿ,” ಎಂದಳು.

“ಛಲೋ ಆತವ್ವ! ಕಾಲೇಜಿನ್ಯಾಗ ಒಂದ ಖೋಲಿ ಸಜ್ಜ ಮಾಡಸ್ತೀನಿ, ಮುಂಜಾನಿಂದ ನಾ ಅಲ್ಲೇ—”

“ಬ್ಯಾಡ್ರಿ ಸರ್. ಇಲ್ಲೇ ಮನ್ಯಾಗ ಕುಂತು ಬರೀತೀನ್ರಿ.” ಅವಳು ಅಂಗಳಕ್ಕಿಳಿದು ಅವನೆದುರು ನಿಂತಳು. “ಅವತ್ತ ನೀವು ಬರಬ್ಯಾಡ್ರಿ.”

“ಆತವ್ವ,” ಎಂದ ಗಾಳೇಶ. “ಬರಂಗಿಲ್ಲ.”